ಅಡಿಗೊಂದು ಅಂಗುಲ

"ಏನ್ ಸ್ವಾಮಿ, ಕೈಯೆಲ್ಲ ಮಸಿ! ಸಿನಿಮಾ ಬರೆಯೋದು ಬಿಟ್ಟು ಮೆಕ್ಯಾನಿಕ್ ಆಗಿಬಿಟ್ರಾ?"

ಹೋದ ವಾರ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ, ಪತ್ರಿಕೆ ಅಂಗಡಿಯ ಮುಂದೆ ನಿಂತಿದ್ದ ಓದುಗ ಮಹಾಶಯರೊಬ್ಬರು ಹೀಗೆ ಕೇಳಿಯೇಬಿಟ್ಟರು. ಮಸಿಯಲ್ಲ ಸ್ವಾಮಿ, ಕಾರಿನ ಬಣ್ಣ. ಹತ್ತೊಂಬತ್ತು ಅಂಗುಲದ ಕಾರು. ಅಷ್ಟು ಹೇಳುವುದರೊಳಗೆ ಕಂಡಕ್ಟರ್ ಸೀಟಿ ಊದಿದ, ಅವರು ಬಸ್ ಹತ್ತಿದರು. ಈ ವಾರದ ಅಂಕಣ ಅವರಿಗೇ ಅಂತ ಇಟ್ಟುಕೊಳ್ಳಿ.

ಕಥೆ ಶುರುವಾಗೋದು ಒಂದು ಕಡ್ಲೆಕಾಯಿ ಪೊಟ್ಟಣದಿಂದ. 1970ರ ಆಸುಪಾಸು. ನಮ್ಮದು ಕಡ್ಲೆಕಾಯಿ ಸೀಮೆ. ಬೆಂಗಳೂರಿನ ದೊಡ್ಡ ಮನೆಗಳ ಇಂಗ್ಲಿಷ್ ಪತ್ರಿಕೆಗಳು ರದ್ದಿಯಾಗಿ ನಮ್ಮೂರಿಗೆ ಬಂದು ಪೊಟ್ಟಣವಾಗುತ್ತಿದ್ದವು. ನಮ್ಮ ಲೋಕಜ್ಞಾನವೆಲ್ಲ ಹೀಗೆ ಕಾಲು ಪುಟ, ಅರ್ಧ ಪುಟದ ಲೆಕ್ಕದಲ್ಲಿ ಬಂದದ್ದು! ಅವತ್ತು ಟೆಂಟಿನಲ್ಲಿ 'ಜೇಡರ ಬಲೆ' ನೋಡಿಕೊಂಡು ಬರುತ್ತಿದ್ದೆವು, ನಾನೂ ನಮ್ಮಣ್ಣನೂ. 1968ರಲ್ಲಿ ದೊರೆ-ಭಗವಾನ್ ಜೋಡಿ ತೆಗೆದ ಚಿತ್ರ, ರಾಜ್‌ಕುಮಾರ್ ಸಿ.ಐ.ಡಿ. 999. ನಮ್ಮೂರಿಗೆ ಬರುವ ಹೊತ್ತಿಗೆ ರೀಲು ಗೀರು ಬಿದ್ದು ಎಲ್ಲ ಸೀನಿನಲ್ಲೂ ಮಳೆ! ಕಡ್ಲೆಕಾಯಿ ತಿಂದವನು ನಾನು. ಪೊಟ್ಟಣ ಬಿಚ್ಚಿ ನೋಡಿದವನು ಅಣ್ಣ.

ಅದರಲ್ಲಿತ್ತು ಕಾರು. ಕಪ್ಪು ಕಾರು, ಮೂತಿ ಬಾವಲಿಯದು, ತಲೆಯ ಮೇಲೆ ನೀರ್ಗುಳ್ಳೆಯಂಥ ಜೋಡಿ ಗಾಜು, ಅಂಚಿನುದ್ದಕ್ಕೂ ಕೆಂಡದ ಬಣ್ಣದ ಗೆರೆ. ಹಿಂದಿನ ಚಕ್ರದ ಹತ್ತಿರ ಬೆನ್ನ ಮೇಲೊಂದು ರೆಕ್ಕೆ ಏಳುತ್ತದೆ... ಅಷ್ಟಕ್ಕೇ ಕಾಗದ ಹರಿದಿತ್ತು. ಬಾಲ ಇಲ್ಲ!

"ನಮ್ಮ 999ಗೆ ಇಂಥದೊಂದು ಕಾರು ಕೊಟ್ಟಿದ್ರೆ ಹೆಂಗಿರ್ತಿತ್ತೋ!" ಅಂದ ಅಣ್ಣ. ಎಣ್ಣೆ ಹತ್ತಿದ ಆ ಚೂರನ್ನು ಮಡಿಸಿ ಜೇಬಿಗಿಟ್ಟ. ಇವತ್ತಿಗೂ ಅವನ ಟ್ರಂಕಿನಲ್ಲಿದೆ.

ಅಣ್ಣ ಆಗ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ತಗಡು ಬಡಿಯುವ ಹುಡುಗ. ಆ ಕಾಲದಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ಬರೀ ಚಾಸಿ. ಚಕ್ರ, ಎಂಜಿನ್, ಡ್ರೈವರ್ ಕೂರಲು ಒಂದು ಹಲಗೆ, ಅಷ್ಟೆ. ಅದರ ಮೇಲೆ ಮರದ ಚೌಕಟ್ಟು ಎಬ್ಬಿಸಿ, ತಗಡು ಬಾಗಿಸಿ, ರಿವೆಟ್ ಹೊಡೆದು ಬಸ್ಸು ಮಾಡುತ್ತಿದ್ದವರು ಇಂಥ ಶೆಡ್ಡಿನವರು. ಅವನು ದುಡಿದ, ನಾನು ಓದಿದೆ. ಇದಕ್ಕಿಂತ ಹೆಚ್ಚು ಹೇಳಿದರೆ ಕಣ್ಣೀರಿನ ಚಿತ್ರವಾದೀತು, ಬೇಡ.

ಈಗ ಅಣ್ಣನಿಗೆ ಎಪ್ಪತ್ತು ದಾಟಿದೆ, ಬಲಗೈ ನಡುಗುತ್ತದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಶೆಡ್ಡು ಎಂದೋ ಮುಚ್ಚಿತು. ಸುಮ್ಮನೆ ಜಗಲಿಯ ಮೇಲೆ ಕೂತು ಬೆಟ್ಟ ನೋಡುವುದೇ ಕೆಲಸ. ಮಧುಗಿರಿಯ ಏಕಶಿಲಾ ಬೆಟ್ಟ ನೋಡಲು ದೂರದೂರದಿಂದ ಜನ ಬರ್ತಾರೆ, ಒಪ್ಪಿದೆ. ಆದರೆ ದಿನಕ್ಕೆ ಹತ್ತು ಗಂಟೆ ಅದನ್ನೇ ನೋಡುವ ಮನುಷ್ಯ ಒಳಗೊಳಗೇ ಕಲ್ಲಾಗುತ್ತಾನೆ. ಹೀಗಿರುವಾಗ ಒಂದು ದಿನ ನನ್ನ ಮಗಳು ಫೋನಿನಲ್ಲಿ ಆ ಕಾರಿನ ಚಿತ್ರಗಳನ್ನು ಹುಡುಕಿ ಅವನ ಮುಂದೆ ಹಿಡಿದಳು. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ. ಮತ್ತೆ ಹಿಂದಿನಿಂದ!

ಅಣ್ಣ ಬಾಲವನ್ನು ಬಹಳ ಹೊತ್ತು ನೋಡಿದ. "ಹಿಂಗಿತ್ತಾ..." ಅಂದ. ದನಿಯಲ್ಲಿ ಸಂತೋಷ ಇತ್ತು ಅಂತ ಹೇಳಲಾರೆ. ಆದರೆ ಮಾರನೇ ಬೆಳಿಗ್ಗೆ ಮಡಿಸುವ ಅಡಿಕೋಲು ಹುಡುಕುತ್ತಿದ್ದ.

ಕಾರಿನ ಜಾತಕವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅದು ಹುಟ್ಟಿದ್ದು ಬಾವಲಿಯಾಗಿ ಅಲ್ಲ. 1955ರಲ್ಲಿ ಫೋರ್ಡ್ ಕಂಪನಿ ಪ್ರದರ್ಶನಕ್ಕೆಂದು ಮಾಡಿಸಿದ 'ಲಿಂಕನ್ ಫ್ಯೂಚುರಾ' ಅದು. ಬಾಡಿಯನ್ನು ಕೈಯಲ್ಲಿ ಕಟ್ಟಿದವರು ಇಟಲಿಯ ಟ್ಯೂರಿನ್ ನಗರದ ಘಿಯಾ ಕಾರ್ಖಾನೆಯವರು. ಖರ್ಚು ಎರಡೂವರೆ ಲಕ್ಷ ಡಾಲರ್ ಅಂತಾರೆ! 1959ರಲ್ಲಿ ಕೆಂಪು ಬಣ್ಣ ಬಳಿದುಕೊಂಡು ಒಂದು ಹಾಲಿವುಡ್ ಚಿತ್ರದಲ್ಲಿ ಮುಖ ತೋರಿಸಿ, ಆಮೇಲೆ ಮೂಲೆ ಸೇರಿತು. ನಮ್ಮ ಚಿತ್ರರಂಗದ ಎಷ್ಟು ಮಂದಿ ನಾಯಕಿಯರ ಕಥೆಯೂ ಹೀಗೇ ಅಲ್ಲವೇ? ಅದಿರಲಿ. ಕ್ಯಾಲಿಫೋರ್ನಿಯಾದ ಜಾರ್ಜ್ ಬ್ಯಾರಿಸ್ ಎಂಬ ಕಾರು ಮಾರ್ಪಾಟುಗಾರ ಅದನ್ನು ಒಂದೇ ಒಂದು ಡಾಲರಿಗೆ ಕೊಂಡ. 'ಬ್ಯಾಟ್‌ಮನ್' ಟೆಲಿವಿಷನ್ ಧಾರಾವಾಹಿಯವರು ಕಾರು ಬೇಕು ಅಂದಾಗ ಮೂರೇ ವಾರದಲ್ಲಿ ಬಾವಲಿ ಮಾಡಿ ಕೊಟ್ಟ. 1966ರ ಜನವರಿಯಲ್ಲಿ ಅದು ತೆರೆಗೆ ಬಂತು. 2013ರಲ್ಲಿ ಹರಾಜಿಗಿಟ್ಟಾಗ ಕೂಗು ನಿಂತದ್ದು 42 ಲಕ್ಷ ಡಾಲರಿಗೆ.

ಇದೆಲ್ಲ ಓದಿ ಹೇಳಿದರೆ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ತಗಡು ಬಡಿದವನು ಯಾರು?"

ನಾನು ಬೆಪ್ಪಾದೆ. ಇಷ್ಟು ವರ್ಷ ಸಿನಿಮಾ ಬಗ್ಗೆ ಬರೆದಿದ್ದೇನೆ, ಆ ಪ್ರಶ್ನೆ ನನಗೆ ಹೊಳೆದದ್ದೇ ಇಲ್ಲ. ಹುಡುಕಿದೆ. ಬ್ಯಾರಿಸ್ ಆ ಕೆಲಸವನ್ನು ಒಪ್ಪಿಸಿದ್ದು ಬಿಲ್ ಕುಶೆನ್‌ಬೆರಿ ಎಂಬ ಕುಶಲಕರ್ಮಿಗೆ. ಅಣ್ಣ ಆ ಹೆಸರನ್ನು ನನ್ನಿಂದ ಎರಡು ಸಲ ಹೇಳಿಸಿದ.

ಇನ್ನು ಕೆಲಸ. ಅಸಲಿ ಕಾರು ಹತ್ತಿರಹತ್ತಿರ 19 ಅಡಿ ಉದ್ದ, ಅಗಲ ಏಳು ಅಡಿಗೆ ಕಮ್ಮಿಯಿಲ್ಲ. "ಅಡಿಗೊಂದು ಅಂಗುಲ" ಅಂದ ಅಣ್ಣ. ಅಂದ್ರೆ ಹನ್ನೆರಡರಲ್ಲಿ ಒಂದು ಪಾಲು. ಅಂಗುಲ ಸರಿಯಾಗಿ ಸಾಗಿದರೆ ತಲೆಯಲ್ಲೇ ಲೆಕ್ಕ ಬರುತ್ತೆ, ಭಿನ್ನರಾಶಿಯ ಕಾಟವಿಲ್ಲ. (ಮನೆಯಾಕೆ ಒಳಗಿನಿಂದ "ಅಡಿಗೆ ಏನು ಬೇಕಂತೆ?" ಅಂತ ಕೇಳಿದಳು!) ಹಳೆಯ ಸಿನಿಮಾ ವಾಲ್‌ಪೋಸ್ಟರಿನ ಬೆನ್ನ ಮೇಲೆ ನಕ್ಷೆ ಬರೆದೆವು.

ಫೋಟೋ ನೋಡಿ ಅಳತೆ ತೆಗೆಯುವುದು ಸುಲಭ ಅಂತ ನಾನು ಅಂದುಕೊಂಡಿದ್ದೆ. ಫೋಟೋ ಸುಳ್ಳು ಹೇಳುತ್ತೆ ಸ್ವಾಮಿ! ಕ್ಯಾಮೆರಾ ಹತ್ತಿರ ಇಟ್ಟು ತೆಗೆದರೆ ಮೂತಿ ಊದಿಕೊಳ್ಳುತ್ತೆ, ಬಾಲ ಕುಗ್ಗುತ್ತೆ. ನಮ್ಮ ಮೊದಲ ನಕ್ಷೆಯ ಕಾರು ಗೊದಮೊಟ್ಟೆಯ ಹಾಗಿತ್ತು. ಅಣ್ಣ ಒಂದು ಉಪಾಯ ಕಂಡುಹಿಡಿದ. ಪಕ್ಕದಿಂದ ತೆಗೆದ ಫೋಟೋದಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಎರಡನ್ನೂ ಕೈವಾರದಲ್ಲಿ ಅಳೆ. ಎರಡೂ ಸಮ ಇದ್ದರೆ ಆ ಫೋಟೋ ನಂಬು, ಇಲ್ಲದಿದ್ದರೆ ಬಿಸಾಕು. ಮಗಳು ಇಳಿಸಿಕೊಟ್ಟ ನಲವತ್ತು ಚಿತ್ರಗಳಲ್ಲಿ ಪಾಸಾದದ್ದು ಮೂರು.

ಒಡಲಿಗೆ ಚನ್ನಪಟ್ಟಣದಿಂದ ತಂದ ಹಾಲೆಮರ. ಅಲ್ಲಿನ ಬೊಂಬೆಯವರು ಕಡೆಯುವುದು ಅದನ್ನೇ. ಮೆದು, ಬಿಳಿ, ನೆಯ್ಗೆ ಸಣ್ಣ, ಉಳಿ ಎತ್ತ ತಿರುಗಿದರೂ ಸಿಬಿರು ಏಳೋದಿಲ್ಲ. ಮದುವೆ ಕರೆಯೋಲೆಯ ರಟ್ಟಿನಲ್ಲಿ ಎರಡೆರಡು ಅಂಗುಲಕ್ಕೊಂದರಂತೆ ಕಾರಿನ ಅಡ್ಡಸೀಳಿನ ಅಚ್ಚು ಕತ್ತರಿಸಿಕೊಂಡೆವು. ಕೆತ್ತು, ಅಚ್ಚು ಹಿಡಿದು ನೋಡು, ಬೆಳಕು ಕಾಣುವ ಕಡೆ ಬಿಡು, ಕಾಣದ ಕಡೆ ಕೆತ್ತು. ಉಳಿ ನನ್ನ ಕೈಯಲ್ಲಿ, ಬೈಗುಳ ಅಣ್ಣನ ಬಾಯಲ್ಲಿ. "ಅದು ಕುಂಬಳಕಾಯಲ್ಲ ಕಣೋ, ಕಾರು!"

ಚಕ್ರಗಳನ್ನು ಲೇತಿನಲ್ಲಿ ಕಡೆಸಿ ಸೈಕಲ್ ಟ್ಯೂಬಿನ ರಬ್ಬರು ತೊಡಿಸಿದ್ದಾಯಿತು. ಸೀಟಿಗೆ ಹಳೆಯ ಪರ್ಸಿನ ಚರ್ಮ. ಇವು ಬೇಗ ಮುಗಿದವು. ನಮ್ಮನ್ನು ಅಳಿಸಿದ್ದು ಗಾಜಿನ ಗುಳ್ಳೆ. ಮರದಲ್ಲಿ ಗುಳ್ಳೆಯ ಆಕಾರ ಕೆತ್ತಿ, ಎರಡು ಲೀಟರಿನ ಸೋಡಾ ಬಾಟಲಿಯ ತಳ ಕೊಯ್ದು ಒಳಗೆ ತೂರಿಸಿ, ಇದ್ದಿಲೊಲೆಯ ಶಾಖದಲ್ಲಿ ಮೆಲ್ಲಗೆ ತಿರುಗಿಸಬೇಕು. ಪ್ಲಾಸ್ಟಿಕ್ಕು ಸೊಂಟ ಬಿಗಿದುಕೊಂಡ ಹಾಗೆ ಕುಗ್ಗಿ ಮರಕ್ಕೆ ಅಂಟುತ್ತೆ. ಒಂದು ಕ್ಷಣ ಹೆಚ್ಚಾದರೆ ಬೆಳ್ಳಗೆ ಮಂಜಾಗುತ್ತೆ, ಇನ್ನೊಂದು ಕ್ಷಣಕ್ಕೆ ತೂತು. ಮರದ ಮೇಲೆ ಕೂದಲೆಳೆಯ ಗೀರಿದ್ದರೂ ಗಾಜಿನಲ್ಲಿ ಅಚ್ಚೊತ್ತುತ್ತೆ. ಆರು ಬಾಟಲಿ ಹಾಳು, ಏಳನೆಯದು ಗೆದ್ದಿತು. ಆ ವಾರ ಮನೆಯವರೆಲ್ಲ ಸೋಡಾ ಕುಡಿದೂ ಕುಡಿದೂ ತೇಗಿದ್ದೇ ತೇಗಿದ್ದು!

ಕೊನೆಗೆ ರೆಕ್ಕೆ. ಎಣ್ಣೆ ಡಬ್ಬದ ತಗಡು. ನಾನು ಕತ್ತರಿ ತೆಗೆದುಕೊಂಡರೆ ಅಣ್ಣ ಕಿತ್ತುಕೊಂಡ. "ಇದು ನಂದು." ಮಣಿಕಟ್ಟಿನ ಕೆಳಗೆ ಒಂದು ಇಟ್ಟಿಗೆ ಇಟ್ಟುಕೊಂಡ, ಅದರ ಮೇಲೆ ಕೈ ಊರಿ ಮರದ ಸುತ್ತಿಗೆ ಹಿಡಿದ. ನಡುಕ ನಿಲ್ಲಲಿಲ್ಲ, ನಿಂತಿತು ಅಂತ ಬರೆದರೆ ಸಿನಿಮಾ ಆಗುತ್ತೆ. ಆದರೆ ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಕಾಯುತ್ತಿದ್ದ. ನಡುಕ ಬಂದು ಹೋಗುವವರೆಗೆ ಕಾದು, ಆಮೇಲೆ ಒಂದು ಏಟು. ಎರಡು ರೆಕ್ಕೆಗೆ ಹತ್ತೊಂಬತ್ತು ದಿನ.

ಅವನು ತಗಡು ಬಡಿಯುವುದನ್ನು ನೋಡುತ್ತ ಕೂತಾಗ ನನಗೆ ಆ ಬಸ್ಸು ನೆನಪಾಯಿತು. ನಾನು ಮರೆಯಬೇಕೆಂದು ಮರೆತಿದ್ದ ಬಸ್ಸು.

1975ರ ಸುಮಾರಿಗೆ ಅಣ್ಣನ ಶೆಡ್ಡಿಗೆ ಒಬ್ಬ ಖಾಸಗಿ ಮಾಲೀಕರ ಹೊಸ ಚಾಸಿ ಬಂತು. ಪಾವಗಡದಿಂದ ಮಿಡಿಗೇಶಿ, ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಓಡುವ ಬಸ್ಸು. ಮಾಲೀಕರು ರಸಿಕರು, "ಏನಾದ್ರೂ ಹೊಸದಾಗಿ ಮಾಡಪ್ಪ" ಅಂದರಂತೆ. ಅಣ್ಣ ಬಸ್ಸಿನ ಹಿಂದೆ, ಮಾಡಿನ ಎರಡೂ ಮೂಲೆಗೆ, ಒಂದೊಂದು ತಗಡಿನ ರೆಕ್ಕೆ ಎಬ್ಬಿಸಿದ. ಹರಿದುಹೋದ ಚಿತ್ರದ ಆ ಬಾಲ ಹೇಗಿದ್ದೀತು ಅಂತ ಅವನು ಐದು ವರ್ಷ ಊಹಿಸಿದ್ದನಲ್ಲ, ಅದೇ! ಕವಲೊಡೆದು ಮೇಲಕ್ಕೇಳುವ ರೆಕ್ಕೆ, ಅಂಚಿಗೆ ಕೆಂಡದ ಬಣ್ಣದ ಗೆರೆ. ದಾರಿಯ ಮಕ್ಕಳೆಲ್ಲ "ರೆಕ್ಕೆ ಬಸ್ಸು, ರೆಕ್ಕೆ ಬಸ್ಸು" ಅಂತ ಹಿಂದೆ ಓಡುತ್ತಿದ್ದರು.

ನಾನಾಗ ತುಮಕೂರಿನಲ್ಲಿ ಕಾಲೇಜು. ಗೆಳೆಯರ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಆ ಬಸ್ಸು ಬಂತು. ಗೆಳೆಯರು ಹೊಟ್ಟೆ ಹಿಡಿದು ನಕ್ಕರು. "ಯಾವ ಹಳ್ಳಿ ಗುಗ್ಗು ಮಾಡಿದ್ದಪ್ಪ ಇದು!" ಅಂದ ಒಬ್ಬ. ನಾನೂ ನಕ್ಕೆ. ಬಸ್ಸಿನಲ್ಲಿ ಅಣ್ಣನೂ ಇದ್ದ, ನನಗೆ ಫೀಸಿನ ದುಡ್ಡು ತಂದಿದ್ದ. ನಾನು ನಕ್ಕಿದ್ದನ್ನು ಕಿಟಕಿಯಿಂದ ನೋಡಿದ. ಇಳಿದು ಬಂದು ದುಡ್ಡು ಕೊಟ್ಟು, ಅದೇ ಬಸ್ಸಿಗೆ ವಾಪಸು ಹೋದ. ಆ ವಿಷಯ ಇಬ್ಬರೂ ಎಂದೂ ಎತ್ತಲಿಲ್ಲ.

ವರ್ಷ ತುಂಬುವ ಮೊದಲೇ ಮಿಡಿಗೇಶಿ ದಾರಿಯ ಹುಣಸೆ ಕೊಂಬೆಗೆ ಎಡ ರೆಕ್ಕೆ ಸಿಕ್ಕಿ ಮುರಿಯಿತು. ಮಾಲೀಕರು ಬಲದ್ದನ್ನೂ ಕೊಯ್ಸಿಹಾಕಿದರು. ಅಲ್ಲಿಗೆ ಮುಗಿಯಿತು.

ಕಾರಿಗೆ ಬಣ್ಣ ಹೊಡೆಯುವಾಗ ಈ ಮಾತು ಬಾಯಿಗೆ ಬಂತು. ಕಪ್ಪು ಹೊಳಪು ಬಣ್ಣ ಅಂದ್ರೆ ಕನ್ನಡಿ ಇದ್ದ ಹಾಗೆ, ಅಡಿಯ ತಪ್ಪನ್ನೆಲ್ಲ ಎತ್ತಿ ತೋರಿಸುತ್ತೆ. ಪಟ್ಟಿ ಹಚ್ಚು, ನೀರುಕಾಗದದಲ್ಲಿ ಉಜ್ಜು, ಮತ್ತೆ ಹಚ್ಚು, ಮತ್ತೆ ಉಜ್ಜು. ಐದನೆಯ ಸಲ ಉಜ್ಜುತ್ತ, ತಲೆ ಎತ್ತದೆ ಹೇಳಿದೆ: "ಅವತ್ತು ತುಮಕೂರಲ್ಲಿ ನಾನು ನಕ್ಕಿದ್ದೆ."

"ಗೊತ್ತು" ಅಂದ ಅಣ್ಣ. ಸ್ವಲ್ಪ ಹೊತ್ತು ಬಿಟ್ಟು, "ಎಡಗಡೆ ಇನ್ನೂ ಒರಟು ಐತೆ, ಉಜ್ಜು" ಅಂದ.

ಕಾರು ಮುಗಿದಿದೆ. ಬಾಲ ಅಸಲಿಯದೇ. ಎರಡು ರೆಕ್ಕೆಯ ನಡುವೆ ಬೆಂಕಿ ಉಗುಳುವ ಕೊಳವೆ, ಅದರ ಆಚೀಚೆ ಪ್ಯಾರಾಶೂಟಿನ ಗಂಟು, ಎಲ್ಲ ಅಳತೆಗೆ ಸರಿಯಾಗಿ. ಊಹೆಯ ಬಾಲ ಇಡೋಣ ಅಂತ ನಾನೇ ಅಂದರೂ ಅಣ್ಣ ಒಪ್ಪಲಿಲ್ಲ. "ಅದು ಅವನ ಕೆಲಸ, ಅವನಿಗೇ ಬಿಡು." ಕಾರು ಮಗುಚಿದರೆ ಅಡಿಯಲ್ಲಿ ನಡುಗುವ ಕನ್ನಡ ಅಕ್ಷರದಲ್ಲಿ ಬಿಲ್ ಕುಶೆನ್‌ಬೆರಿ ಅಂತ ಬರೆದಿದೆ.

ಈಗ ಬಸ್ಸಿನ ಸರದಿ. ರೆಕ್ಕೆ ಬಸ್ಸು, ಅಡಿಗೊಂದು ಅಂಗುಲ. ಮರ ಬಂದಿದೆ, ತಗಡು ಇದೆ. ಆದರೆ ಆ ಬಸ್ಸಿನ ಒಂದೇ ಒಂದು ಫೋಟೋ ನಮ್ಮಲ್ಲಿಲ್ಲ. ನೆನಪಿನಿಂದ ಮಾಡು ಅಂದರೆ ಅಣ್ಣ ಕೇಳೋದಿಲ್ಲ. ಎರಡು ಚಕ್ರ ಸಮ ಕಾಣುವ ಫೋಟೋ ಬೇಕಂತೆ! ಆ ಬಸ್ಸನ್ನು ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಹಿಡಿಯುತ್ತಿದ್ದರು, ದಂಡಿನ ಮಾರಮ್ಮನ ಜಾತ್ರೆಗೂ ಬರುತ್ತಿತ್ತು. ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯ ಓದುಗರೇ, ನಿಮ್ಮ ಮನೆಯ ಹಳೆಯ ಆಲ್ಬಂ ಒಮ್ಮೆ ತೆರೆದು ನೋಡಿ. ಮದುಮಕ್ಕಳ ಹಿಂದೆ, ಹಾರದ ಆಚೆ, ಮಾಡಿನ ಮೂಲೆಯಲ್ಲಿ ಕೆಂಡದ ಗೆರೆಯ ಒಂದು ರೆಕ್ಕೆ ಕಂಡರೆ, ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸಿ. ಅರ್ಧ ಹರಿದಿದ್ದರೂ ಪರವಾಗಿಲ್ಲ.