ಎತ್ತರದ ಬಂಡಿ, ತಗ್ಗಿನ ಪಲ್ಲಕ್ಕಿ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಈ ನಾಲ್ಕೂ ಊರುಗಳು 69ನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ಒಂದೂರಿನಲ್ಲಿ ಮನೆ, ಇನ್ನೊಂದರಲ್ಲಿ ಹೊಲ, ಮತ್ತೊಂದರಲ್ಲಿ ಬೀಗರು ಎಂಬ ಸಂಸಾರಗಳಿಗೆ ಇಲ್ಲಿ ಕೊರತೆಯಿಲ್ಲ. ಅಂಥ ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯವಹಾರ. ಕೂಡಿಟ್ಟ ಹಣ ಎಂಟು ಲಕ್ಷ ರೂಪಾಯಿ. ಮನೆಯಲ್ಲಿ ಮಂಡಿನೋವಿನ ತಾಯಿ. ಮಾಘದಲ್ಲಿ ಮಗಳ ಮದುವೆ. ಅವರ ಮುಂದೆ ಎರಡು ವಾಹನಗಳಿವೆ. ಹತ್ತು ವರ್ಷ ಓಡಿದ ಸ್ಕಾರ್ಪಿಯೋ ಒಂದು, ಹದಿಮೂರು ವರ್ಷದ ಬೆಂಜ್ ಇ-ಕ್ಲಾಸ್ ಮತ್ತೊಂದು. ಬೆಲೆ ಹೆಚ್ಚುಕಡಿಮೆ ಒಂದೇ.

ಹೊಸದಾಗಿದ್ದಾಗ ಅರ್ಧ ಕೋಟಿಯ ಆಸುಪಾಸಿನಲ್ಲಿದ್ದ ಬೆಂಜ್ ಹೀಗೆ ಕೈಗೆಟಕುವಂತಾದದ್ದೇಕೆಂದು ಮೊದಲು ಕೇಳಿಕೊಳ್ಳಬೇಕು. ಮೊದಲ ಒಡೆಯರಿಗೆ ಹೊಸ ಮಾದರಿ ಬೇಕಾಗುತ್ತದೆ. ಹಳೆಯದನ್ನು ಸಾಕುವ ಧೈರ್ಯ ಹೆಚ್ಚು ಜನರಿಗಿಲ್ಲ. ಇನ್ನೊಂದು ಕಾರಣವೂ ಉಂಟು. ದೆಹಲಿಯ ಸುತ್ತಿನಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಕೂಡದೆಂದು 2018ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿದ ಮೇಲೆ ಅಲ್ಲಿಯ ಎಷ್ಟೋ ಕಾರುಗಳು ಅನ್ಯ ರಾಜ್ಯಗಳ ದಾರಿ ಹಿಡಿದವು. ಅಂಥದನ್ನು ಕೊಳ್ಳುವವರು ನಿರಾಕ್ಷೇಪಣಾ ಪತ್ರದ ಜೊತೆಗೆ ಕರ್ನಾಟಕದ ತೆರಿಗೆಯನ್ನೂ ಲೆಕ್ಕದಲ್ಲಿಡಬೇಕು.

ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಎಂಟು ಲಕ್ಷಕ್ಕೆ ಕೊಂಡ ಬೆಂಜಿಗೆ ಬೇಕಾಗುವುದು ಅರ್ಧ ಕೋಟಿಯ ಬೆಂಜಿನ ಉಪಚಾರವೇ. ಏರ್ ಸಸ್ಪೆನ್ಷನ್ ಉಳ್ಳ ಮಾದರಿಯಾದರೆ ಅದು ಒಮ್ಮೆ ಕುಸಿಯುವುದು ಸಾಕು, ಒಂದು ಬೆಳೆಯ ಆದಾಯ ಕರಗುತ್ತದೆ. ಸ್ಕಾರ್ಪಿಯೋ ಕೆಟ್ಟರೆ ಚಿಂತಾಮಣಿಯಲ್ಲಿಯೇ ಬಿಚ್ಚಿ ಜೋಡಿಸುವ ಕೈಗಳಿವೆ. ಬೆಂಜ್ ಕೆಟ್ಟರೆ ಲಾರಿಯ ಮೇಲೇರಿ ಬೆಂಗಳೂರಿಗೆ ಹೋಗಬೇಕಾದೀತು.

ಹಾಗೆಂದು ಸ್ಕಾರ್ಪಿಯೋ ನಿರ್ದೋಷಿಯೆಂದು ಯಾರೂ ಭಾವಿಸಬಾರದು. ಏಣಿಯಾಕಾರದ ಚಾಸಿಸ್ ಹಳ್ಳದ ದಾರಿಗೆ ಗಟ್ಟಿ, ನೆಲದಿಂದ 180 ಮಿಲಿಮೀಟರ್ ಎತ್ತರ ರಸ್ತೆಯುಬ್ಬುಗಳಿಗೆ ಅನುಕೂಲ. ಆದರೆ ಆ ಎತ್ತರವೇ ತಿರುವುಗಳಲ್ಲಿ ಓಲಾಟಕ್ಕೆ ಮೂಲ. ಮೇಲಾಗಿ ಇಂಥ ಗಾಡಿಗಳು ಬಾಡಿಗೆಗೂ ಚುನಾವಣೆಯ ಪ್ರಚಾರಕ್ಕೂ ದುಡಿದಿರುವುದುಂಟು. ಓಡಿದ ದೂರ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವ ವಿದ್ಯೆಯೂ ಮಾರಾಟಗಾರರಿಗೆ ಅಪರಿಚಿತವಲ್ಲ. ಸೀಟಿನ ಸವೆತ, ಪೆಡಲಿನ ರಬ್ಬರು, ಸರ್ವಿಸಿನ ದಾಖಲೆ, ಈ ಮೂರೂ ಮೀಟರಿನೊಂದಿಗೆ ಒಂದೇ ಮಾತು ಹೇಳಬೇಕು. ಗಾಡಿಯನ್ನು ಮೇಲಕ್ಕೆತ್ತಿಸಿ ಚಾಸಿಸ್‌ನಲ್ಲಿ ಬೆಸುಗೆಯ ಗುರುತಿದೆಯೇ ಎಂದು ನೋಡದೆ ಮುಂಗಡ ಕೊಡಲೇಬಾರದು.

ಇದಕ್ಕಿಂತ ಗಂಭೀರವಾದ ಸಂಗತಿ ಪ್ರಾಣರಕ್ಷಣೆಯದು. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೆ ಹಿಂದಿನ ಅಗ್ಗದ ಮಾದರಿಗಳಲ್ಲಿ ಅದು ಇಲ್ಲದಿರಬಹುದು. ಬೆಂಜಿನಲ್ಲಿ ಒಂದಲ್ಲ, ಹಲವು ಇರುತ್ತವೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್ ವೇಗದ ಹೆದ್ದಾರಿ. ವಾರಕ್ಕೆರಡು ಬಾರಿ ಅಲ್ಲಿ ಓಡಾಡುವವರು ಏರ್‌ಬ್ಯಾಗ್ ಉಳ್ಳ ಮೇಲ್ದರ್ಜೆಯ ಸ್ಕಾರ್ಪಿಯೋವನ್ನೇ ಹುಡುಕುವುದು ಲೇಸು, ಅದು ಒಂದೆರಡು ವರ್ಷ ಹಳೆಯದಾದರೂ ಸರಿಯೆ. ಆದರೆ ನೋಂದಣಿಯ ಹದಿನೈದು ವರ್ಷಗಳಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಮರೆಯಬಾರದು. ಅನಂತರ ಪರೀಕ್ಷೆಗೊಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು.

ಇನ್ನು ತಾಯಿಯ ಮಂಡಿ. ಸ್ಕಾರ್ಪಿಯೋ ಹತ್ತುವುದು ಕಷ್ಟ, ಬೆಂಜಿನಿಂದ ಏಳುವುದು ಕಷ್ಟ. ಗಾಡಿ ನೋಡಲು ಹೋಗುವಾಗ ಮೆಕ್ಯಾನಿಕ್ಕಿನ ಜೊತೆಗೆ ಆಕೆಯನ್ನೂ ಕರೆದೊಯ್ದು ನಾಲ್ಕು ಬಾರಿ ಹತ್ತಿಳಿಸಿ ನೋಡುವುದು ಉತ್ತಮ. ಎತ್ತರದ ಗಾಡಿಗೆ ಪಕ್ಕದಲ್ಲಿ ಮೆಟ್ಟಿಲು ಜೋಡಿಸಬಹುದು, ಹಿಡಿಕೆ ಹಾಕಿಸಬಹುದು. ತಗ್ಗಿನ ಕಾರನ್ನು ಎತ್ತರಿಸುವ ಉಪಾಯವಿಲ್ಲ.

ಮದುವೆಯ ಬಾಗಿಲಲ್ಲಿ ಬೆಂಜ್ ನಿಲ್ಲಲೇಬೇಕೆಂದು ಬೀಗರ ಕಡೆಯವರಿಗೆ ಆಸೆಯಿದ್ದರೆ, ಬೆಂಗಳೂರಿನಿಂದ ಒಂದು ದಿನದ ಬಾಡಿಗೆಗೆ ತರಿಸಿದರಾಯಿತು. ಸಂಜೆಗೆ ಅದು ತನ್ನ ಚಾಲಕನೊಡನೆ ಹಿಂದಿರುಗುತ್ತದೆ.