ಸೈನೈಡ್ ಗುಡ್ಡಕ್ಕೂ ಬೆಲೆ ಬಂತು

ಕನ್ನಡನಾಡು ಚಿನ್ನದ ಬೀಡು ಅಂತ ನವೆಂಬರ್ ಬಂದಾಗೆಲ್ಲ ಮೈಕು ಕಟ್ಟಿ ಕೂಗ್ತಾರಲ್ಲ ಗೆಳೆಯರೇ, ಆ ಚಿನ್ನ ಎಲ್ಲಿತ್ತು, ಯಾರು ತೆಗೆದರು ಅಂತ ಅವರನ್ನು ಕೇಳಬೇಕಾಗಿದೆ.

ಕೋಲಾರದ ಕರಿಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಹರಿದ ಜ್ವಾಲಾಮುಖಿಯ ಲಾವಾ. ಆಮೇಲೆ ನೆಲದಾಳದಲ್ಲಿ ಬೆಂದು, ಮಡಚಿ, ಬಿರುಕು ಬಿಟ್ಟಿತು. ಬಿರುಕಿಗೆ ನುಗ್ಗಿದ ಬಿಸಿನೀರು ಬೆಣಚುಕಲ್ಲನ್ನೂ ಗಂಧಕ ಬೆರೆತ ಕಬ್ಬಿಣ, ಆರ್ಸೆನಿಕ್ಕನ್ನೂ ಹೊತ್ತು ತಂತು, ಜೊತೆಗೆ ಚೂರುಪಾರು ಚಿನ್ನ. ಪೂರ್ವದ ಚಾಂಪಿಯನ್ ಎಳೆಯಲ್ಲಿ ಅದು ಬೆಣಚುಕಲ್ಲಿನೊಳಗೆ, ಪಶ್ಚಿಮದ ಮೆಕ್‌ಟ್ಯಾಗರ್ಟ್ ಎಳೆಯಲ್ಲಿ ಸಲ್ಫೈಡ್ ಅದಿರಿನ ಜೊತೆ. ಒಂದು ಟನ್ ಕಲ್ಲು ಕುಟ್ಟಿದರೆ ಸರಾಸರಿ 15 ಗ್ರಾಂ, ಅಷ್ಟೆ. ಮೇಷ್ಟ್ರೇ, 'ಕೋಲಾರದಲ್ಲಿ ಚಿನ್ನ ದೊರೆಯುತ್ತಿತ್ತು' ಅಂತ ಪಾಠ ಮಾಡ್ತೀರಿ. ದೊರೆಯುತ್ತಿರಲಿಲ್ಲ ಸ್ವಾಮಿ, ಅಗೀಬೇಕಿತ್ತು. ಕಲ್ಲಿನ ಎಳೆಗೂ ಇಂಗ್ಲಿಷ್ ಹೆಸರಿದೆ, ಎಳೆ ಹಿಡಿದು ಇಳಿದವನಿಗೆ ನಿಮ್ಮ ಪುಸ್ತಕದಲ್ಲಿ ಹೆಸರಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಜಮೀನ್ದಾರರ ಹೊಲ ಬಿಟ್ಟು ಉತ್ತರ ಆರ್ಕಾಟಿನ ಆದಿ ದ್ರಾವಿಡರು ಬಂದರು. ಚಾಂಪಿಯನ್ ರೀಫ್ ಗಣಿ 3,200 ಮೀಟರ್ ಆಳಕ್ಕೆ ಹೋಯಿತು. ಅಲ್ಲಿ ಕಲ್ಲಿನ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಸಿಡಿಯುತ್ತಿತ್ತು. ಸಿಡಿತದಿಂದ ಉಳಿದವನ ಎದೆಯಲ್ಲಿ ಬೆಣಚಿನ ಧೂಳು ಕೂತು ಸಿಲಿಕೋಸಿಸ್. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಓಡಿ ಬಂದದ್ದು ಇಲ್ಲಿನ ಯಂತ್ರಗಳಿಗೆ. ಕೂಲಿಯವನು ಮಾತ್ರ ಕಂಪನಿ ಕಣ್ಣಿಗೆ ಕಳ್ಳ. 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಆ ಜನ ಕೆಲಸ ನಿಲ್ಲಿಸಿ ಹೊರಗೆ ಬಂದರು. ರಾಜ್ಯೋತ್ಸವದ ಯಾವ ಭಾಷಣದಲ್ಲಿ ಇದನ್ನು ಕೇಳಿದ್ದೀರಿ?

ಅವರ ಮನೆಮಾತು ತಮಿಳು. ಹಾಗಾಗಿ ನಮ್ಮ ಕೆಲವು ಅಭಿಮಾನಿಗಳಿಗೆ ಅವರು ಹೊರಗಿನವರು. ಅಗೆದವನು ಹೊರಗಿನವನು, ಅಗೆದ ಚಿನ್ನ ಮಾತ್ರ ಕನ್ನಡದ್ದು! ಲಂಡನ್ನಿನ ಹಡಗು ಹತ್ತುವಾಗ ಅದು ಯಾವ ಭಾಷೆ ಆಡ್ತಿತ್ತೋ, ನಾ ಕಾಣೆ.

ಸುಮಾರು 800 ಟನ್ ಚಿನ್ನ ಹೋದ ಮೇಲೆ, 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಉಳಿದದ್ದು 3 ಕೋಟಿ ಟನ್ನಿಗೂ ಮಿಕ್ಕಿದ ಕಲ್ಲುಪುಡಿ, ಜನ ಕರೆಯೋ ಸೈನೈಡ್ ಗುಡ್ಡ. ಗಾಳಿ ಎದ್ದರೆ ಆ ಧೂಳು ಮನೆಯೊಳಗಿನ ಅನ್ನದ ತಟ್ಟೆಗೆ. ಅದರಲ್ಲೂ ಒಂದಿಷ್ಟು ಚಿನ್ನ ಉಳಿದಿದೆ ಅಂತ 13 ಗುಡ್ಡಗಳ ಹರಾಜಿಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡದಲ್ಲಿ ಟನ್ನಿಗೆ ಎಷ್ಟು ಗ್ರಾಂ ಅಂತ ಅಳೆಯೋಕೆ ಜನರಿದ್ದಾರೆ. ಹಳೇ ಗಣಿಯಾಳಿನ ಎದೆಯಲ್ಲಿ ಎಷ್ಟು ಕಲ್ಲಿದೆ ಅಂತ ಅಳೆಯೋರು ಯಾರು? ಹರಾಜಿನ ಕಾಗದದ ಮೊದಲ ಸಾಲಿನಲ್ಲಿ ಕೂಲಿ ಲೈನುಗಳ ಮನೆಗೆ ಹಕ್ಕುಪತ್ರ, ಎದೆರೋಗಕ್ಕೆ ಪರಿಹಾರ ಬರೀಲಿ. ಅಲ್ಲಿವರೆಗೆ ಆ ಗುಡ್ಡದಿಂದ ಒಂದು ಬುಟ್ಟಿ ಮಣ್ಣೂ ಏಳಕೂಡದು.