ನಮ್ಮ ಮಕ್ಕಳು ಯಾವ ಸಾಲಿಗೆ?



ಜೂನ್ ಬಂತೆಂದರೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅವ್ವನಿಗೂ ರಾಯಬಾಗದಲ್ಲಿ ಕಬ್ಬು ಕಡಿಯುವ ಅಪ್ಪನಿಗೂ ಒಂದೇ ಚಿಂತೆ. ಕೂಸನ್ನು ಸರಕಾರಿ ಕನ್ನಡ ಸಾಲಿಗೆ ಹಾಕಬೇಕೋ, ಕಾನ್ವೆಂಟಿಗೋ? ಮುಂಜಾನೆ ಹಳದಿ ಬಸ್ಸು ಗೌಡರ ಓಣಿಗೆ ಬರುತ್ತದೆ. ಟೈ ಕಟ್ಟಿದ ಮಕ್ಕಳು ಹತ್ತುತ್ತಾರೆ. ನಮ್ಮ ಕೇರಿಯ ಹುಡುಗರು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಅದನ್ನೇ ನೋಡುತ್ತ ನಿಲ್ಲುತ್ತಾರೆ. ಆ ನೋಟ ಕಂಡ ತಾಯಿ ಕಿವಿಯೋಲೆ ಒತ್ತೆಯಿಟ್ಟು ಫೀ ಕಟ್ಟಿದರೆ ಆಕೆಯನ್ನು ಬೈಯುವ ಹಕ್ಕು ನಮಗಿಲ್ಲ. ಆದರೆ ಮೂರನೇ ವರ್ಷ ಫೀ ನೀಗದೆ ಬಿಡಿಸಿ ತಂದರೆ ಆ ಕೂಸು ಎರಡೂ ಸಾಲಿಗೆ ಪರಕೀಯ.

1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದರು. ಸಾತಾರೆಯ ಸಾಲಿಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತು, ಜವಾನ ನೀರು ಕೊಟ್ಟರಷ್ಟೇ ಕುಡಿದು ಕಲಿತವರು ಅವರು. ಸರಕಾರಿ ಸಾಲಿ ತಾನಾಗಿ ಮಡಿ ಬಿಡಲಿಲ್ಲ. ಅದನ್ನು ಬಗ್ಗಿಸಬೇಕಾಯಿತು. ಕೊಲ್ಲಾಪುರದ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಆಗ ರಾಯಬಾಗವೂ ಅವರ ಸಂಸ್ಥಾನದ್ದೇ. 1919ರಲ್ಲಿ ಅಸ್ಪೃಶ್ಯರ ಬೇರೆ ಸಾಲಿಗಳನ್ನೇ ಮುಚ್ಚಿಸಿ, ಎಲ್ಲ ಮಕ್ಕಳನ್ನು ಒಂದೇ ಕಡೆ ಕೂಡಿಸಲು ಹುಕುಂ ಹೊರಡಿಸಿದರು.

ನೂರು ವರ್ಷದ ಮೇಲೆ ಆ ಬೇರೆ ಸಾಲಿ ತಿರುಗಿ ಬಂದಿದೆ. ಈ ಸಲ ಯಾರ ಹುಕುಮೂ ಬೇಕಾಗಲಿಲ್ಲ. ಉಳ್ಳವರು ತಮ್ಮ ಮಕ್ಕಳನ್ನು ಎಬ್ಬಿಸಿಕೊಂಡು ಹೋದರು, ಅಷ್ಟೇ. ಉಳಿದವರು ನಾವು. ಅವರ ಸಂಗಡವೇ ‘ಮಾಸ್ತರ ಯಾಕ ಬಂದಿಲ್ಲ?’ ಅಂತ ಕೇಳುವ ಗಟ್ಟಿ ದನಿಯೂ ಹೋಯಿತು. ಸೋರುವ ಮಾಡನ್ನು ಯಾವ ಸಾಹೇಬನೂ ತಲೆಯೆತ್ತಿ ನೋಡಲೊಲ್ಲ.

ಒಂದು ಕಿಂಡಿ ಇತ್ತು. ಖಾಸಗಿ ಸಾಲಿಗಳು ನೂರಕ್ಕೆ 25 ಸೀಟು ಬಡವರಿಗೆ, ನಮ್ಮಂಥವರಿಗೆ ಪುಕ್ಕಟೆ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. 2019ರಲ್ಲಿ ಕರ್ನಾಟಕ ಸರಕಾರ ನಿಯಮ ತಿದ್ದಿತು: ಹತ್ತಿರ ಸರಕಾರಿ ಇಲ್ಲವೆ ಅನುದಾನಿತ ಸಾಲಿ ಇದ್ದರೆ ಖಾಸಗಿಯವರು ಕೊಡಬೇಕಾಗಿಲ್ಲ. ಹೈಕೋರ್ಟೂ ಹೂಂ ಅಂದಿತು. ಖಾಸಗಿಯವರಿಗೆ ಕೊಡುತ್ತಿದ್ದ ರೊಕ್ಕ ಉಳಿಯಿತಲ್ಲ, ಅದು ನಮ್ಮ ಸಾಲಿಗೆ ಬಂತೇನು?

ಈಗ ಒಂದು ಕಹಿ ಮಾತು. ಮೈಕು ಹಿಡಿದು ‘ಸರಕಾರಿ ಸಾಲಿ ಉಳಿಸಿ’ ಅನ್ನುವ ನೌಕರಿಯ ಅಣ್ಣಂದಿರೇ, ನಿಮ್ಮ ಮಕ್ಕಳು ಎಲ್ಲಿ ಕಲೀತಾವ? ಹಳದಿ ಬಸ್ಸಿನ್ಯಾಗ ಅವೂ ಅದಾವ ಅಲ್ಲ? ನಾನು ಕನ್ನಡ ಸಾಲಿಯಲ್ಲೇ ಕಲಿತು ಬಿ.ಎ. ಮಾಡಿದವನು. ಇಂಗ್ಲಿಷ್ ಅರ್ಜಿ ಬರೆಯುವಾಗ ಇಂದಿಗೂ ಕೈ ನಡುಗುತ್ತದೆ. ಹಾಗಾಗಿ ಇಂಗ್ಲಿಷ್ ಬ್ಯಾಡ ಅಂತ ನಾನು ಅನ್ನಲಾರೆ. ಬೇಕು, ಒಂದನೇ ಇಯತ್ತೆಯಿಂದಲೇ ಬೇಕು, ಸರಕಾರಿ ಸಾಲಿಯಲ್ಲಿ ಪುಕ್ಕಟೆ ಬೇಕು.

ಅದೇ ಕಾಯ್ದೆಯಂತೆ ಸರಕಾರಿ ಸಾಲಿಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು, ಒಟ್ಟು ಅರ್ಧ ಹೆಂಗಸರು ಇರಬೇಕು. ನಮ್ಮ ಮಕ್ಕಳೆಷ್ಟೋ ಅಷ್ಟಕ್ಕೆ ತಕ್ಕ ಜಾಗ ನಮ್ಮವರಿಗೆ ಸಿಗಬೇಕು. ಅವ್ವಂದಿರ ಸಹಿ ಆ ಪುಸ್ತಕದಲ್ಲಿ ಇರುತ್ತದೆ, ಮಾತು ಇರುವುದಿಲ್ಲ. ಸಹಿಯನ್ನು ಮನೆಗೇ ಬಂದು ಹಾಕಿಸಿಕೊಂಡು ಹೋಗಿರ್ತಾರ! ಚಿಕ್ಕೋಡಿ, ಅಥಣಿ, ಕಾಗವಾಡದ ಗೆಳೆಯರು ಈ ಸಲ ಸಭೆಯ ದಿನ ಆ ಅವ್ವಂದಿರ ಸಂಗಡ ಹೋಗಬೇಕು. ಪುಸ್ತಕ ಓದಿ ಹೇಳಬೇಕು. ಎಷ್ಟು ಮಾಸ್ತರರ ಜಾಗ ಖಾಲಿ ಅಂತ ಬರೆಸಿಕೊಂಡು ಬರಬೇಕು. ಆ ಪಟ್ಟಿಯನ್ನು ಊರಿನ ಹೆಸರು ಸಮೇತ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.